ಮುಂದಿನ ಸಂಖ್ಯೆ ಯಾವುದು? ಸಮಾಂತರ ಶ್ರೇಢಿಯನ್ನು ತಪ್ಪಿಲ್ಲದೆ ಬೆಳೆಸುವ ಬಗೆ

ನಾಲ್ಕು ಸಂಖ್ಯೆ ಕೊಟ್ಟು 'ಮುಂದಿನ ಮೂರು ಪದ ಬರೆಯಿರಿ' ಎಂದರೆ ಹೆಚ್ಚಿನವರು ಮೊದಲೆರಡನ್ನು ನೋಡಿ ವ್ಯತ್ಯಾಸ ಹಿಡಿಯುತ್ತಾರೆ, ಕೊನೆಯ ಸಂಖ್ಯೆಗೆ ಅದನ್ನು ಕೂಡಿಸುತ್ತಾ ಹೋಗುತ್ತಾರೆ. 6, 13, 20, 27 ಎಂದಿದ್ದರೆ 34, 41, 48. ಉತ್ತರವೇನೋ ಸರಿ. ಅದೇ ಅವಸರ 11, 7, 3 ಎಂಬ ಸಾಲಿನಲ್ಲಿ ಕೈಕೊಡುತ್ತದೆ. 1/2, 2/3, 5/6 ಎಂಬಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ. ಲೆಕ್ಕ ಕಷ್ಟದ್ದೇನಲ್ಲ. ತಪ್ಪು ನುಸುಳುವುದು ಬಹುಪಾಲು ಎರಡೇ ಕಡೆ: ಕಳೆಯುವಾಗ ಮತ್ತು ಎಣಿಸುವಾಗ. ಈ ಎರಡು ಕಡೆ ಕೈ ನಿಧಾನವಾದರೆ ಸಾಕು.

ನಿಯಮ ಹೆಸರಿನಲ್ಲೇ ಇದೆ. ಸಮ ಮತ್ತು ಅಂತರ ಸೇರಿ ಸಮಾಂತರ. ಒಂದು ಪದಕ್ಕೂ ಅದರ ಮುಂದಿನ ಪದಕ್ಕೂ ಇರುವ ಅಂತರ ಸಾಲಿನುದ್ದಕ್ಕೂ ಒಂದೇ ಇರಬೇಕು. ಅದನ್ನೇ ಸಾಮಾನ್ಯ ವ್ಯತ್ಯಾಸ ಎನ್ನುತ್ತೇವೆ. 'ಸಾಮಾನ್ಯ' ಅಂದರೆ ಇಲ್ಲಿ ಎಲ್ಲದಕ್ಕೂ ಸಮಾನವಾದದ್ದು ಎಂದರ್ಥ. ಒಂದು ಕಡೆ ಮಾತ್ರ ನೋಡಿ ಸಿಕ್ಕ ವ್ಯತ್ಯಾಸ ಇನ್ನೂ ಸಾಮಾನ್ಯ ಆಗಿರುವುದಿಲ್ಲ.

ಹಂತ 1: ಪ್ರತಿ ಸಂದಿಯಲ್ಲೂ ಕಳೆಯಿರಿ

ಸಂಖ್ಯೆಗಳನ್ನು ಒತ್ತೊತ್ತಾಗಿ ಬರೆಯದೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಒಂದೇ ಸಾಲಿನಲ್ಲಿ ಬರೆಯಿರಿ. ಪ್ರತಿ ಎರಡು ಸಂಖ್ಯೆಗಳ ನಡುವೆ ಕೆಳಗಡೆ ಒಂದು ಚಿಕ್ಕ ಕಮಾನು ಎಳೆಯಿರಿ. ಕಮಾನಿನ ಕೆಳಗೆ, ಬಲಗಡೆಯ ಸಂಖ್ಯೆಯಿಂದ ಎಡಗಡೆಯದನ್ನು ಕಳೆದು ಬಂದದ್ದನ್ನು ಚಿಹ್ನೆಯ ಸಮೇತ ಬರೆಯಿರಿ. 6, 13, 20, 27 ಎಂಬ ಸಾಲಿನ ಕೆಳಗೆ +7, +7, +7 ಎಂದು ಬರುತ್ತದೆ. ನಾಲ್ಕು ಸಂಖ್ಯೆ, ಮೂರು ಕಮಾನು. ಪದಗಳಿಗಿಂತ ಕಮಾನು ಒಂದು ಕಡಿಮೆ ಎಂಬ ಈ ಸಣ್ಣ ಸಂಗತಿಯನ್ನು ನೆನಪಿಡಿ. ದೂರದ ಪದ ಹುಡುಕುವಾಗ ಇದೇ ಕೈ ಹಿಡಿಯುತ್ತದೆ.

ಕಳೆಯುವ ದಿಕ್ಕು ಎಂದಿಗೂ ಬದಲಾಗಬಾರದು: ನಂತರದ್ದರಿಂದ ಹಿಂದಿನದನ್ನು ಕಳೆಯಬೇಕು. 11, 7, 3 ಸಾಲಿನಲ್ಲಿ 7 − 11 = −4, 3 − 7 = −4. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಹಳೆಯ ರೂಢಿ ಇಲ್ಲಿ ಬೇಡ. ಹಾಗೆ ಮಾಡಿದರೆ ವ್ಯತ್ಯಾಸ 4 ಎಂದು ಬರುತ್ತದೆ, ಅದನ್ನು ಕೂಡಿಸಿದರೆ 3ರ ಮುಂದೆ 7 ಬಂದು ಸಾಲು ಹಿಂದಕ್ಕೆ ತಿರುಗುತ್ತದೆ. ಇಳಿಯುವ ಸಾಲಿಗೆ ವ್ಯತ್ಯಾಸ ಋಣ ಸಂಖ್ಯೆಯೇ ಆಗಿರಬೇಕು.

ಮೊದಲ ಕಮಾನು ನೋಡಿ ನಿಲ್ಲಿಸಬೇಡಿ. 2, 5, 10, 17 ಎಂಬ ಸಾಲಿನಲ್ಲಿ ಮೊದಲ ವ್ಯತ್ಯಾಸ 3. ಅಷ್ಟಕ್ಕೇ ನಿಂತವರು 17ರ ಮುಂದೆ 20 ಬರೆಯುತ್ತಾರೆ. ಉಳಿದ ಕಮಾನುಗಳಲ್ಲಿ 5, 7 ಇರುವುದನ್ನು ನೋಡಿದವರಿಗೆ ಇದು ಸಮಾಂತರ ಶ್ರೇಢಿಯೇ ಅಲ್ಲ ಎಂದು ಗೊತ್ತಾಗುತ್ತದೆ.

ಹಂತ 2: ಕೊನೆಯ ಪದಕ್ಕೆ ಕೂಡಿಸಿ, ಬಂದದ್ದಕ್ಕೆ ಮತ್ತೆ ಕೂಡಿಸಿ

ವ್ಯತ್ಯಾಸ ಸಿಕ್ಕ ಮೇಲೆ ಮಾಡುವುದು ಯಾವಾಗಲೂ ಕೂಡುವುದೇ. ಏರುವ ಸಾಲಿಗೆ ಕೂಡಬೇಕು, ಇಳಿಯುವ ಸಾಲಿಗೆ ಕಳೆಯಬೇಕು ಎಂದು ಎರಡು ನಿಯಮ ಇಟ್ಟುಕೊಂಡರೆ ಗೊಂದಲ ಹೆಚ್ಚುತ್ತದೆ. ವ್ಯತ್ಯಾಸದಲ್ಲೇ ಚಿಹ್ನೆ ಇದೆಯಲ್ಲ, ಅದನ್ನೇ ಕೂಡಿಸಿ.

11, 7, 3ರ ಮುಂದೆ: 3 + (−4) = −1. ನಂತರ −1 + (−4) = −5, −5 + (−4) = −9. ಸೊನ್ನೆ ದಾಟುವ ಈ ಜಾಗದಲ್ಲೇ ಅತಿ ಹೆಚ್ಚು ಎಡವುವುದು. 3ರಿಂದ 4 ಕಳೆಯಲಾಗದು ಅಂದುಕೊಂಡು 1 ಬರೆಯುವುದು ಒಂದು ತಪ್ಪು. −1 ಸರಿಯಾಗಿ ಬರೆದು, ಮುಂದೆ −5ರ ಬದಲು 3 ಬರೆಯುವುದು ಇನ್ನೊಂದು. ಸಂಖ್ಯಾರೇಖೆ ಎಳೆದು ಬೆರಳಿಟ್ಟು ನೋಡಿ: ಪ್ರತಿ ಸಲ ಎಡಕ್ಕೆ ನಾಲ್ಕು ಮನೆ. ಸೊನ್ನೆಯೂ ದಾರಿಯಲ್ಲಿ ಬರುವ ಒಂದು ಮನೆ ಅಷ್ಟೇ, ಅಲ್ಲಿ ದಿಕ್ಕು ಬದಲಾಗುವುದಿಲ್ಲ.

ಋಣ ಸಂಖ್ಯೆಯಿಂದಲೇ ಶುರುವಾಗುವ ಸಾಲುಗಳಲ್ಲಿ ಆವರಣ ಹಾಕುವುದನ್ನು ಬಿಡಬೇಡಿ. −13, −8, −3 ಎಂಬಲ್ಲಿ −8 − (−13) ಎಂದು ಪೂರ್ತಿ ಬರೆದರೆ −8 + 13 = 5 ಎಂದು ತಾನಾಗಿ ಬರುತ್ತದೆ. ಆವರಣವಿಲ್ಲದೆ ಬಾಯಲ್ಲೇ ಲೆಕ್ಕ ಹಾಕಿದರೆ −21 ಬಂದುಬಿಡುವುದುಂಟು. ಮುಂದಿನ ಪದಗಳು 2, 7, 12.

ಭಿನ್ನರಾಶಿ, ದಶಮಾಂಶ, ವರ್ಗಮೂಲ: ಮೊದಲು ಒಂದೇ ರೂಪಕ್ಕೆ ತನ್ನಿ

1/2, 2/3, 5/6 ನೋಡಿದಾಗ ಕಣ್ಣು ಅಂಶಗಳನ್ನು ಬೇರೆ, ಛೇದಗಳನ್ನು ಬೇರೆ ಓದುತ್ತದೆ. ಮೇಲೆ 1, 2, 5, ಕೆಳಗೆ 2, 3, 6. ಹೀಗೆ ಓದಿದರೆ ಯಾವ ನಿಯಮವೂ ಸಿಗುವುದಿಲ್ಲ. ಛೇದಗಳ ಲ.ಸಾ.ಅ. 6. ಎಲ್ಲವನ್ನೂ ಆರರ ಛೇದಕ್ಕೆ ತಂದರೆ ಸಾಲು 3/6, 4/6, 5/6 ಆಗುತ್ತದೆ. ಈಗ ಮುಂದಿನದು ಎದುರಿಗೇ ಇದೆ: 6/6, 7/6, 8/6. ಬೇಕಿದ್ದರೆ ಕೊನೆಯಲ್ಲಿ ಸಂಕ್ಷೇಪಿಸಿ 1, 7/6, 4/3 ಎಂದು ಬರೆಯಬಹುದು. ಸಂಕ್ಷೇಪಿಸುವ ಕೆಲಸ ಕೊನೆಗೇ ಇರಲಿ. ನಡುವೆ ಮಾಡಿದರೆ ಮುಂದಿನ ಪದಕ್ಕೆ ಮತ್ತೆ ಛೇದ ಹೊಂದಿಸಬೇಕಾಗುತ್ತದೆ.

ಇದರ ತದ್ವಿರುದ್ಧವೂ ಇದೆ. 1/2, 2/3, 3/4 ಎಂಬ ಸಾಲು ಅಂಶ-ಛೇದ ಎರಡೂ ಒಂದೊಂದೇ ಏರುವುದರಿಂದ ಸಮಾಂತರದಂತೆಯೇ ಕಾಣುತ್ತದೆ. ಕಳೆದು ನೋಡಿ: 2/3 − 1/2 = 1/6, 3/4 − 2/3 = 1/12. ವ್ಯತ್ಯಾಸ ಬೇರೆ ಬೇರೆ, ಸಮಾಂತರ ಶ್ರೇಢಿ ಅಲ್ಲ. ಕಣ್ಣಿಗೆ ಕ್ರಮವಾಗಿ ಕಂಡದ್ದೆಲ್ಲ ಸಮಾಂತರ ಆಗಬೇಕಿಲ್ಲ.

ದಶಮಾಂಶದಲ್ಲಿ ಎಡವುವ ಜಾಗ ಒಂದೇ. 0.7, 0.8, 0.9ರ ಮುಂದೆ 0.10 ಎಂದು ಬರೆಯುವುದು. 0.10 ಅಂದರೆ 0.1, ಅದು 0.7ಕ್ಕಿಂತಲೂ ಚಿಕ್ಕದು. ಬರಬೇಕಾದದ್ದು 1.0. ಬಿಂದುವಿನ ನಂತರದ ಅಂಕಿಗಳ ಸಂಖ್ಯೆ ಬೇರೆ ಬೇರೆ ಇದ್ದರೆ ಸೊನ್ನೆ ಸೇರಿಸಿ ಸಮ ಮಾಡಿಕೊಳ್ಳಿ. 1.6, 2.35, 3.1 ಎಂಬುದನ್ನು 1.60, 2.35, 3.10 ಎಂದು ಬರೆದರೆ ವ್ಯತ್ಯಾಸ 0.75 ಎಂದು ಕೂಡಲೇ ಕಾಣುತ್ತದೆ. ಮುಂದೆ 3.85, 4.60, 5.35.

ವ್ಯತ್ಯಾಸ 1/3 ಇದ್ದಾಗ ಕ್ಯಾಲ್ಕುಲೇಟರ್ ನೋಡಿ 0.33 ಎಂದು ಬರೆದುಕೊಳ್ಳಬೇಡಿ. ಒಂದೆರಡು ಪದಕ್ಕೆ ಏನೂ ಆಗದು. ಆದರೆ ಕೂಡಿಸಿದಷ್ಟೂ ಕೊರತೆ ಬೆಳೆಯುತ್ತದೆ. 2ರಿಂದ ಶುರುವಾಗುವ ಸಾಲಿನಲ್ಲಿ 31ನೇ ಪದ ಸರಿಯಾಗಿ 12 ಬರಬೇಕು, 0.33 ಕೂಡಿಸುತ್ತಾ ಹೋದವರಿಗೆ 11.9 ಸಿಗುತ್ತದೆ. ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಂಡರೆ ಈ ತೊಂದರೆ ಇರುವುದಿಲ್ಲ.

ವರ್ಗಮೂಲದ ಸಾಲುಗಳಿಗೂ ಇದೇ ಮಾತು. √5, √20, √45 ಎಂದು ಕೊಟ್ಟಾಗ ಮೂಲದೊಳಗಿನ ಸಂಖ್ಯೆಗಳನ್ನು ಕಳೆದು 15, 25 ಎಂದು ಬರೆದು 'ಸಮಾಂತರ ಅಲ್ಲ' ಎನ್ನುವುದು ತಪ್ಪು. √20 ಎಂದರೆ 2√5, √45 ಎಂದರೆ 3√5. ಹಾಗಾಗಿ ವ್ಯತ್ಯಾಸ √5, ಮುಂದಿನವು 4√5 ಮತ್ತು 5√5, ಅಂದರೆ √80 ಮತ್ತು √125.

ಅಕ್ಷರಗಳಿರುವ ಸಾಲು ಬಂದರೆ ಕಳೆಯುವ ಇಡೀ ಪದಕ್ಕೆ ಆವರಣ ಹಾಕಿ. ಕ + 2, 3ಕ + 1, 5ಕ ಎಂಬಲ್ಲಿ (3ಕ + 1) − (ಕ + 2) = 2ಕ − 1. ಆವರಣ ಮರೆತರೆ ಅದೇ 2ಕ + 3 ಆಗಿ ಕೂರುತ್ತದೆ. ಎರಡನೇ ಸಂದಿಯಲ್ಲೂ 2ಕ − 1 ಬರುವುದರಿಂದ ಮುಂದಿನ ಪದ 7ಕ − 1, ಆಮೇಲೆ 9ಕ − 2.

ಗಡಿಯಾರದ ಹೊತ್ತು ಕೊಟ್ಟಾಗ ಇನ್ನೂ ಎಚ್ಚರ ಬೇಕು. 8:15, 9:05, 9:55, 10:45 ಇವನ್ನು ದಶಮಾಂಶದಂತೆ ಕಳೆದರೆ 0.90, 0.50, 0.90 ಎಂದು ಏನೇನೋ ಬರುತ್ತದೆ. ಗಂಟೆಗೆ ಅರವತ್ತು ನಿಮಿಷ, ನೂರಲ್ಲ. ನಿಮಿಷಕ್ಕೆ ಬದಲಿಸಿದರೆ 495, 545, 595, 645, ವ್ಯತ್ಯಾಸ 50. ಮುಂದೆ 695, 745, 795, ಅಂದರೆ 11:35, 12:25, 1:15.

ಬರೆದದ್ದು ಸರಿಯೇ? ಬಿಡಿ ಸ್ಥಾನ ನೋಡಿ

ಉದ್ದನೆಯ ಸಾಲು ಬರೆಯುವಾಗ ನಡುವೆ ಒಂದು ಕಡೆ ತಪ್ಪಿದರೆ ಅಲ್ಲಿಂದ ಮುಂದಿನ ಎಲ್ಲವೂ ತಪ್ಪೇ. ಪ್ರತಿಯೊಂದನ್ನೂ ಮತ್ತೆ ಕೂಡಿ ನೋಡುವ ಬದಲು ಪೂರ್ಣಾಂಕಗಳ ಬಿಡಿ ಸ್ಥಾನ ಮಾತ್ರ ಓದಿ. 7, 11, 15, 19, 23, 27, 31, 35 ಎಂಬ ಸಾಲಿನಲ್ಲಿ ಬಿಡಿ ಅಂಕಿಗಳು 7, 1, 5, 9, 3, ಮತ್ತೆ 7, 1, 5. ನಾಲ್ಕನ್ನು ಐದು ಸಲ ಕೂಡಿದರೆ 20, ಆದ್ದರಿಂದ ಪ್ರತಿ ಐದು ಹೆಜ್ಜೆಗೆ ಬಿಡಿ ಅಂಕಿ ಮೊದಲಿನದಕ್ಕೇ ಮರಳುತ್ತದೆ, ಹತ್ತರ ಸ್ಥಾನ ಎರಡು ಏರುತ್ತದೆ. ನಡುವೆ ಎಲ್ಲೋ 24 ಕಂಡರೆ ಅದು ತಪ್ಪೆಂದು ಕೂಡಿ ನೋಡದೆಯೇ ಹೇಳಬಹುದು: ಬೆಸ ಸಂಖ್ಯೆಗೆ ಸಮ ಸಂಖ್ಯೆ ಕೂಡಿದರೆ ಬೆಸವೇ ಬರಬೇಕು. ವ್ಯತ್ಯಾಸ 5 ಇದ್ದರೆ ಎರಡೇ ಬಿಡಿ ಅಂಕಿ ಸರದಿಯಲ್ಲಿ ಬರುತ್ತವೆ. 3 ಅಥವಾ 7 ಇದ್ದರೆ ಹತ್ತು ಹೆಜ್ಜೆ ಬೇಕು.

ಇನ್ನೊಂದು ಪರೀಕ್ಷೆ ಭಿನ್ನರಾಶಿಗೂ ಆಗುತ್ತದೆ. ಸಮಾಂತರ ಶ್ರೇಢಿಯ ಯಾವುದೇ ಪದ ತನ್ನ ಎಡಬಲದ ಪದಗಳ ಸರಾಸರಿ. 15ರ ಎಡಬಲದಲ್ಲಿ 11 ಮತ್ತು 19, ಎರಡನ್ನೂ ಕೂಡಿದರೆ 30, ಅರ್ಧ 15.

ನಡುವೆ ಖಾಲಿ ಬಿಟ್ಟಿದ್ದರೆ

9, __, __, __, 37. ಇಲ್ಲಿ ಖಾಲಿ ಜಾಗ ಮೂರಿದೆ ಎಂದು 28ನ್ನು ಮೂರರಿಂದ ಭಾಗಿಸುವವರೇ ಬಹಳ. ಭಾಗಿಸಬೇಕಾದದ್ದು ಹೆಜ್ಜೆಗಳಿಂದ. 9ರಿಂದ 37ಕ್ಕೆ ಹೋಗಲು ಎಷ್ಟು ಕಮಾನು? ಎಣಿಸಿ ನೋಡಿ, ನಾಲ್ಕು. 28 ÷ 4 = 7. ತುಂಬಬೇಕಾದವು 16, 23, 30. ಬೇಲಿ ಹಾಕುವಾಗ ಐದು ಕಂಬ ನೆಟ್ಟರೆ ನಡುವಿನ ಸಂದು ನಾಲ್ಕೇ, ಇಲ್ಲಿಯೂ ಅದೇ ಲೆಕ್ಕ.

ಮೊದಲ ಪದವೇ ಕಾಣೆಯಾಗಿದ್ದರೂ ಹೆದರಬೇಕಿಲ್ಲ. __, 14, __, 32 ಎಂಬಲ್ಲಿ 14 ಮತ್ತು 32ರ ನಡುವೆ ಎರಡು ಹೆಜ್ಜೆ, ಒಟ್ಟು ಏರಿಕೆ 18, ಹೆಜ್ಜೆಗೆ 9. ಮುಂದಕ್ಕೆ ಕೂಡಿ, ಹಿಂದಕ್ಕೆ ಕಳೆಯಿರಿ: 5, 14, 23, 32, ಮುಂದೆ 41.

ಐವತ್ತನೇ ಪದ ಬೇಕಾದಾಗ

7, 11, 15 ಸಾಲಿನ 50ನೇ ಪದಕ್ಕಾಗಿ ನಲವತ್ತೇಳು ಸಲ ಕೂಡುತ್ತಾ ಕೂರಬೇಕಿಲ್ಲ. ಮೊದಲ ಪದದಿಂದ ಐವತ್ತನೆಯದಕ್ಕೆ 49 ಹೆಜ್ಜೆ. 49 × 4 = 196, ಅದಕ್ಕೆ 7 ಕೂಡಿದರೆ 203. ಸೂತ್ರವಾಗಿ ಬರೆದರೆ:

ಬೇಕಾದ ಪದ = ಮೊದಲ ಪದ + (ಸ್ಥಾನಸಂಖ್ಯೆ − 1) × ಸಾಮಾನ್ಯ ವ್ಯತ್ಯಾಸ

ಆ 'ಮೈನಸ್ ಒಂದು' ಎಲ್ಲಿಂದ ಬಂತು ಎಂದು ಕೇಳಿಕೊಳ್ಳದೆ ಬಾಯಿಪಾಠ ಮಾಡಿದವರು ಅದನ್ನು ಮರೆತು 207 ಬರೆಯುತ್ತಾರೆ. ಉತ್ತರ ಸರಿಯಾಗಿ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಮೊದಲ ಪದಕ್ಕೆ ಬರಲು ಹೆಜ್ಜೆಯೇ ಇಡಬೇಕಿಲ್ಲ, ಎರಡನೆಯದಕ್ಕೆ ಒಂದು ಹೆಜ್ಜೆ, ಮೂರನೆಯದಕ್ಕೆ ಎರಡು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಈ ಸೂತ್ರ ಶ್ಲೋಕದಲ್ಲೇ ಇದೆ. ಅಲ್ಲಿ ಮೊದಲ ಪದಕ್ಕೆ ಮುಖ, ವ್ಯತ್ಯಾಸಕ್ಕೆ ಚಯ ಎಂಬ ಹೆಸರು. ಶ್ಲೋಕ ಶುರುವಾಗುವುದೇ 'ವ್ಯೇಕಪದ' ಎಂಬ ಮಾತಿನಿಂದ, ಅಂದರೆ ಒಂದು ಕಡಿಮೆಯಾದ ಪದಸಂಖ್ಯೆ. ನಾವು ಮರೆಯುವ ಒಂದನ್ನು ಅವರು ಎಲ್ಲಕ್ಕಿಂತ ಮೊದಲೇ ಕಳೆದಿಟ್ಟಿದ್ದಾರೆ.

ಸೂತ್ರವನ್ನು ಹಿಂದುಮುಂದು ಮಾಡಿದರೆ ಒಂದು ಸಂಖ್ಯೆ ಸಾಲಿನಲ್ಲಿ ಇದೆಯೇ ಎಂದೂ ಹೇಳಬಹುದು. ಇದೇ ಸಾಲಿನಲ್ಲಿ 151 ಬರುತ್ತದೆಯೇ? 151 − 7 = 144, ನಾಲ್ಕರಿಂದ ಭಾಗಿಸಿದರೆ 36 ಹೆಜ್ಜೆ. ಹೌದು, ಅದು 37ನೇ ಪದ. 150? 143ನ್ನು ನಾಲ್ಕರಿಂದ ಭಾಗಿಸಿದರೆ ಶೇಷ 3 ಉಳಿಯುತ್ತದೆ. ಮುಕ್ಕಾಲು ಹೆಜ್ಜೆ ಎಂಬುದಿಲ್ಲ, ಆದ್ದರಿಂದ 150 ಈ ಸಾಲಿನಲ್ಲಿ ಇಲ್ಲ.

ವ್ಯತ್ಯಾಸ ಒಂದೇ ಬರದಿದ್ದರೆ

ಆಗ ಬಲವಂತವಾಗಿ ಕೂಡಲು ಹೋಗಬೇಡಿ, ಕಮಾನುಗಳ ಕೆಳಗಿನ ಸಾಲನ್ನೇ ಓದಿ. 3, 6, 12, 24ರ ವ್ಯತ್ಯಾಸಗಳು 3, 6, 12, ಸಾಲು ತನ್ನನ್ನೇ ಮತ್ತೆ ಹೇಳುತ್ತಿದೆ. ಇದು ಗುಣೋತ್ತರ ಶ್ರೇಢಿ, ಪ್ರತಿ ಸಲ ಎರಡರಿಂದ ಗುಣಿಸಬೇಕು. ಆಗಲೇ ನೋಡಿದ 2, 5, 10, 17ರಲ್ಲಿ ವ್ಯತ್ಯಾಸಗಳಾದ 3, 5, 7 ತಾವೇ ಒಂದು ಸಮಾಂತರ ಶ್ರೇಢಿ. ಹಾಗಾಗಿ ಮುಂದಿನ ವ್ಯತ್ಯಾಸ 9, ಪದ 26.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಜೋಡಿ ಸಾಲುಗಳೂ ಬರುತ್ತವೆ: 5, 30, 8, 26, 11, 22. ವ್ಯತ್ಯಾಸಗಳು +25, −22, +18, −15, +11. ಚಿಹ್ನೆ ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಆಗುತ್ತಿದ್ದರೆ ಎರಡು ಸಾಲು ಹೆಣೆದುಕೊಂಡಿರಬಹುದು ಎಂದು ಅನುಮಾನಿಸಿ. ಒಂದು ಬಿಟ್ಟು ಒಂದು ಓದಿದರೆ 5, 8, 11 ಒಂದು ಕಡೆ, 30, 26, 22 ಇನ್ನೊಂದು ಕಡೆ. ಮುಂದಿನ ನಾಲ್ಕು ಪದ 14, 18, 17, 14.

ಸಾಲು ಮುಂದುವರಿಯುತ್ತದೆ ಎಂಬ ಖಾತರಿ ಎಲ್ಲಿಂದ?

ಎರಡು ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಲಾಗದು. 4, 8ರ ಮುಂದೆ 12ರಷ್ಟೇ ಸಲೀಸಾಗಿ 16 ಬರಬಹುದು. ಮೂರು ಸಂಖ್ಯೆಯೂ ಪೂರ್ತಿ ಸಾಲದು. 1, 2, 3 ಎಂಬ ಸಾಲನ್ನು ಹೀಗೂ ಕಟ್ಟಬಹುದು: ಸ್ಥಾನಸಂಖ್ಯೆಯಿಂದ 1, 2, 3ನ್ನು ಬೇರೆ ಬೇರೆಯಾಗಿ ಕಳೆದು ಬಂದ ಮೂರನ್ನೂ ಗುಣಿಸಿ, ಆ ಗುಣಲಬ್ಧವನ್ನು ಸ್ಥಾನಸಂಖ್ಯೆಗೆ ಕೂಡಿಸಿ. ಮೊದಲ ಮೂರು ಸ್ಥಾನಗಳಲ್ಲಿ ಗುಣಲಬ್ಧ ಸೊನ್ನೆ, ಹಾಗಾಗಿ 1, 2, 3 ಸಿಗುತ್ತದೆ. ನಾಲ್ಕನೇ ಸ್ಥಾನಕ್ಕೆ 4 + 3 × 2 × 1 = 10. ಆದ್ದರಿಂದಲೇ ಒಳ್ಳೆಯ ಪ್ರಶ್ನೆಯಲ್ಲಿ 'ಈ ಸಮಾಂತರ ಶ್ರೇಢಿಯ' ಎಂಬ ಮಾತು ಇರಬೇಕು. ಆ ಮಾತಿದ್ದರೆ ಎರಡೇ ಪದ ಕೊಟ್ಟರೂ ಉತ್ತರ ಒಂದೇ.

ಸಂಖ್ಯೆಗಳು ನಿಜವಾದ ಯಾವುದೋ ಸಂಗತಿಯಿಂದ ಬಂದಿದ್ದರೆ, ಅಂತರ ಯಾಕೆ ಸಮವಾಗಿದೆ ಎಂದು ಕೇಳಿ. ತ್ರಿಭುಜ, ಚತುರ್ಭುಜ, ಪಂಚಭುಜ, ಷಡ್ಭುಜಗಳ ಒಳಕೋನಗಳ ಮೊತ್ತ 180, 360, 540, 720 ಡಿಗ್ರಿ. ಒಂದು ಬಾಹು ಹೆಚ್ಚಿದಾಗಲೆಲ್ಲ ಒಳಗೆ ಒಂದು ತ್ರಿಭುಜ ಸೇರಿಕೊಳ್ಳುತ್ತದೆ, ಅದರ 180 ಡಿಗ್ರಿಯೂ ಸೇರುತ್ತದೆ. ಕಾರಣ ಗೊತ್ತಿರುವುದರಿಂದ ಮುಂದೆ 900 ಎಂದು ಧೈರ್ಯವಾಗಿ ಬರೆಯಬಹುದು. ಅಧಿಕ ವರ್ಷಗಳ ಮಾತು ಬೇರೆ. 2088, 2092, 2096ರ ಮುಂದಿನ ಅಧಿಕ ವರ್ಷ 2100 ಅಲ್ಲ, 2104. ನೂರರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಅವಿಭಾಜ್ಯ ಸಂಖ್ಯೆಗಳಲ್ಲೂ ಹೀಗೇ: 7, 37, 67, 97, 127, 157 ಎಲ್ಲವೂ ಅವಿಭಾಜ್ಯ, ವ್ಯತ್ಯಾಸ 30. ಮುಂದಿನ 187 ಮಾತ್ರ 11 × 17. ಅವಿಭಾಜ್ಯಗಳಲ್ಲಿ ನಾವು ಹೇಳಿದಷ್ಟು ಉದ್ದದ ಸಮಾಂತರ ಶ್ರೇಢಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ ಎಂದು ಬೆನ್ ಗ್ರೀನ್ ಮತ್ತು ಟೆರೆನ್ಸ್ ಟಾವೊ 2004ರಲ್ಲಿ ಸಾಧಿಸಿ ತೋರಿಸಿದರು. ಆದರೂ ಅಂಥ ಯಾವ ಸಾಲೂ ಕೊನೆಯಿಲ್ಲದೆ ಮುಂದುವರಿಯುವುದಿಲ್ಲ.

ಎಕ್ಸೆಲ್‌ನಲ್ಲಿ ಎಳೆಯುವಾಗ

ಎರಡು ಕೋಶಗಳಲ್ಲಿ 6, 13 ಬರೆದು, ಎರಡನ್ನೂ ಆಯ್ಕೆ ಮಾಡಿ, ಕೆಳಗಿನ ಬಲಮೂಲೆಯ ಚಿಕ್ಕ ಚೌಕವನ್ನು ಹಿಡಿದು ಎಳೆದರೆ 20, 27, 34 ತಾನಾಗಿ ತುಂಬುತ್ತದೆ. ಒಂದೇ ಕೋಶ ಆಯ್ಕೆ ಮಾಡಿ ಎಳೆದರೆ ಎಕ್ಸೆಲ್ ಅದೇ ಸಂಖ್ಯೆಯನ್ನು ನಕಲು ಮಾಡುತ್ತದೆ, ಲಿಬ್ರೆ ಆಫೀಸ್ ಒಂದೊಂದೇ ಏರಿಸುತ್ತದೆ. 1, 2, 4 ಎಂದು ಅಸಮ ಅಂತರದ ಮೂರು ಸಂಖ್ಯೆ ಆಯ್ಕೆ ಮಾಡಿ ಎಳೆದರೆ ಎಕ್ಸೆಲ್ ತಕರಾರು ಮಾಡುವುದಿಲ್ಲ. ಅವುಗಳಿಗೆ ಹತ್ತಿರವಾದ ಒಂದು ಸರಳರೇಖೆ ಹೊಂದಿಸಿ 5.33 ಎಂದು ಬರೆಯುತ್ತದೆ. ನೀವು ಕೊಟ್ಟ ಸಾಲು ಸಮಾಂತರವೇ ಎಂದು ಅದು ಪರೀಕ್ಷಿಸುವುದಿಲ್ಲ, ಆ ಕೆಲಸ ನಿಮ್ಮದೇ. ಪಕ್ಕದ ಕಾಲಂನಲ್ಲಿ ವ್ಯತ್ಯಾಸ ತೆಗೆಯುವ ಒಂದು ಸೂತ್ರ ಹಾಕಿಟ್ಟರೆ ತಪ್ಪು ಎಲ್ಲಿದೆ ಎಂದು ಅಲ್ಲೇ ಕಾಣುತ್ತದೆ.

ಕೈಯಾರೆ ಮಾಡಿ ನೋಡಲು

−20, −13, −6ರ ಮುಂದಿನ ಮೂರು ಪದ; 3/4, 1/2, 1/4ರ ಮುಂದಿನ ಮೂರು; 0.97, 0.98, 0.99ರ ಮುಂದಿನ ಎರಡು. 41, __, __, 20ರ ಖಾಲಿ ಜಾಗಗಳು. 2, 6, 18ರ ಮುಂದಿನದು.

ಉತ್ತರಗಳು: 1, 8, 15. ಎರಡನೆಯದಕ್ಕೆ 0, −1/4, −1/2, ಇಲ್ಲಿ ಸೊನ್ನೆಯನ್ನು ಬಿಟ್ಟು ನೇರ −1/4 ಬರೆದಿದ್ದರೆ ಮತ್ತೊಮ್ಮೆ ಕಮಾನು ಎಳೆದು ನೋಡಿ. ಮೂರನೆಯದಕ್ಕೆ 1.00, 1.01. ನಾಲ್ಕನೆಯದರಲ್ಲಿ ಮೂರು ಹೆಜ್ಜೆಗೆ −21, ಹೆಜ್ಜೆಗೆ −7, ಆದ್ದರಿಂದ 34, 27. ಕೊನೆಯದರ ವ್ಯತ್ಯಾಸಗಳು 4 ಮತ್ತು 12, ಅದು ಸಮಾಂತರ ಶ್ರೇಢಿ ಅಲ್ಲ. ಪ್ರತಿ ಸಲ ಮೂರರಿಂದ ಗುಣಿಸುತ್ತಿದ್ದರೆ ಮುಂದಿನದು 54.